ಬಾಡಿಗೆಮನೆಯ ಗೀಸರ್ ಯಾರ ಹೊಣೆ?

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿರುವ ಎಲ್ಲ ಮಾಲೀಕರಿಗೆ,

ಈ ಬಡಾವಣೆಗಳ ಬಾಡಿಗೆಮನೆಗಳಲ್ಲೇ ಬಹುಕಾಲ ಬದುಕಿದವನು ನಾನು. ಮನೆ ಖಾಲಿಯಾದಾಗ ನೀವು ಸುಣ್ಣಬಣ್ಣ ಮಾಡಿಸುತ್ತೀರಿ, ಅದಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೀರಿ. ಸಂಪು ತೊಳೆಸುತ್ತೀರಿ, ಮೋಟಾರು ಕೆಟ್ಟರೆ ಅಂದೇ ಜನ ಕರೆಸುತ್ತೀರಿ. ಬಚ್ಚಲುಮನೆಯ ಗೀಸರ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. "ಬಳಸೋರು ನೀವು, ನೀವೇ ಮಾಡಿಸ್ಕೊಳ್ಳಿ" ಎನ್ನುತ್ತೀರಿ ನೀವು. "ಹನ್ನೊಂದು ತಿಂಗಳ ಕರಾರಿಗೆ ಬಂದೋರು, ಓನರ್ ಸಾಮಾನಿಗೆ ನಾವ್ಯಾಕೆ ದುಡ್ಡು ಹಾಕೋಣ" ಎನ್ನುತ್ತಾರೆ ಬಾಡಿಗೆದಾರರು. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯೂ ಗೀಸರ್ ರಿಪೇರಿಯನ್ನು ನಲ್ಲಿ ವಾಷರ್‌ನ ಪಕ್ಕದಲ್ಲೇ, ಬಾಡಿಗೆದಾರರ ಪಟ್ಟಿಯಲ್ಲೇ ಇಟ್ಟಿದೆ. ಅದನ್ನು ನಾನು ಒಪ್ಪಲಾರೆ. ವಾಷರ್ ಹೋದರೆ ನೀರು ಸೋರುತ್ತದೆ, ಅಷ್ಟೆ. ಗೀಸರ್ ಒತ್ತಡದಲ್ಲಿ ನೀರು ಕಾಯಿಸುವ ಮುಚ್ಚಿದ ಪಾತ್ರೆ. ಅದರೊಳಗೆ ಎರಡು ಕಿಲೋವ್ಯಾಟ್‌ನ ಕಾಯಿಲ್ ಇದೆ, ಕೆಳಗೆ ಒದ್ದೆ ನೆಲದ ಮೇಲೆ ಬರಿಮೈಯಲ್ಲಿ ಮಕ್ಕಳು ನಿಂತಿರುತ್ತಾರೆ.

ನಮ್ಮ ಕಡೆಯ ನೀರನ್ನು ಮೊದಲು ನೋಡೋಣ. ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ಏರಿಬರುವ ಕಾವೇರಿ ನೀರು ಎಲ್ಲ ಮನೆಗೂ ಎಲ್ಲ ದಿನವೂ ಸಾಲುವುದಿಲ್ಲ. ಉಳಿದದ್ದನ್ನು ಬೋರ್‌ವೆಲ್ಲೋ ಟ್ಯಾಂಕರೋ ತುಂಬುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗಡಸಾದ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನಮ್ಮ ಅಡುಗೆಮನೆಗಳೆಲ್ಲ ಕಂಡಿವೆ. ಅದೇ ಪದರ ಗೀಸರಿನ ಕಾಯಿಲ್ ಮೇಲೂ ಬೆಳೆಯುತ್ತದೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು ಒಂದು ಯೂನಿಟ್ ಕರೆಂಟು, ಅರ್ಧ ಗಂಟೆ ಸಾಕು. ಪದರ ದಪ್ಪವಾದಂತೆ ಶಾಖ ನೀರಿಗೆ ಇಳಿಯದೆ ಕಾಯಿಲ್‌ನಲ್ಲೇ ಉಳಿದು, ಕೊನೆಗೆ ಕಾಯಿಲ್ ಸುಟ್ಟು ಬಿರಿಯುತ್ತದೆ. ಆ ಗಳಿಗೆಯಲ್ಲಿ ಅರ್ತಿಂಗ್ ಸರಿಯಿಲ್ಲದಿದ್ದರೆ, ಸೋರಿಕೆ ಕರೆಂಟನ್ನು ಹಿಡಿಯುವ ಇಎಲ್‌ಸಿಬಿ ಇಲ್ಲದಿದ್ದರೆ ಏನಾಗುತ್ತದೆಂದು ನಿಮಗೂ ಗೊತ್ತು.

ಟ್ಯಾಂಕಿನೊಳಗೆ ಆನೋಡ್ ಎಂಬ ಮೆಗ್ನೀಸಿಯಂ ಕಡ್ಡಿಯೊಂದು ಇರುತ್ತದೆ. ಉಕ್ಕಿನ ಟ್ಯಾಂಕಿಗೆ ಹಿಡಿಯಬೇಕಾದ ತುಕ್ಕನ್ನು ಅದು ತನ್ನ ಮೇಲೆ ಎಳೆದುಕೊಂಡು ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದು. ಕೆಲವು ನೂರು ರೂಪಾಯಿಯ ಈ ಕಡ್ಡಿಯನ್ನು ಸಕಾಲಕ್ಕೆ ಬದಲಿಸದೆ ಸಾವಿರಾರು ರೂಪಾಯಿಯ ಗೀಸರನ್ನು ಗುಜರಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ನನ್ನನ್ನು ಹೆಚ್ಚು ಕಾಡುವುದು ಸೇಫ್ಟಿ ವಾಲ್ವ್. ನೀರು ಕಾದರೆ ಹಿಗ್ಗುತ್ತದೆ. 25 ಡಿಗ್ರಿಯ 25 ಲೀಟರ್ ನೀರು 65 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 400 ಮಿಲಿಲೀಟರ್ ಹೆಚ್ಚಾಗಿರುತ್ತದೆ. ಹಳೆಯ ಒಂದಂತಸ್ತಿನ ಮನೆಗಳಲ್ಲಿ ಈ ಹೆಚ್ಚುವರಿ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ಸರಿದು ತಾರಸಿಯ ಟ್ಯಾಂಕ್ ಸೇರುತ್ತಿತ್ತು, ತೊಂದರೆಯಿರಲಿಲ್ಲ. ಈಗ ಅದೇ ಸೈಟಿನಲ್ಲಿ ನಾಲ್ಕಂತಸ್ತು ಎದ್ದಿದೆ. ಮೇಲಿನ ಮನೆಯ ಶವರ್ ಜೋರಾಗಿ ಬರಲೆಂದು ಪ್ರೆಷರ್ ಪಂಪ್ ಕೂರಿಸಿದ್ದೀರಿ, ಬಿಸಿನೀರು ತಣ್ಣೀರಿನ ಪೈಪಿಗೆ ವಾಪಸಾಗದಿರಲೆಂದು ಎನ್‌ಆರ್‌ವಿ ಎಂಬ ಒಮ್ಮುಖ ವಾಲ್ವ್ ಹಾಕಿಸಿದ್ದೀರಿ. ಹಿಗ್ಗಿದ ನೀರಿನ ದಾರಿ ಅಲ್ಲಿಗೆ ಮುಚ್ಚಿತು. ಅಮೆರಿಕದಲ್ಲಿ ನಿಮ್ಮ ಮಕ್ಕಳಿದ್ದರೆ, ಅವರ ಮನೆಯ ವಾಟರ್ ಹೀಟರಿನ ಪೈಪಿಗೆ ಜೋಡಿಸಿದ ಪುಟ್ಟ ಸಿಲಿಂಡರೊಂದನ್ನು ನೀವು ನೋಡಿರಬಹುದು. ಅದು ಎಕ್ಸ್‌ಪ್ಯಾನ್ಷನ್ ಟ್ಯಾಂಕ್. ಒಳಗಿನ ರಬ್ಬರ್ ಪರದೆಯ ಒಂದು ಬದಿ ಗಾಳಿ, ಇನ್ನೊಂದು ಬದಿ ನೀರು. ನೀರು ಹಿಗ್ಗಿದಾಗ ಗಾಳಿ ಅದುಮಿಕೊಂಡು ಜಾಗ ಕೊಡುತ್ತದೆ. ನಮ್ಮ ಮನೆಗಳಲ್ಲಿ ಅದು ಅಪರೂಪ. ಹೀಗಾಗಿ ಗೀಸರ್ ಬುಡದ ಆ ಸೇಫ್ಟಿ ವಾಲ್ವ್ ಒಂದೇ ಗತಿ. ಕಾಯುವಾಗ ಅದು ತೊಟ್ಟಿಕ್ಕುತ್ತದೆ, ತೊಟ್ಟಿಕ್ಕುವುದೇ ಅದರ ಕೆಲಸ.

ಆದರೆ ಬಾಡಿಗೆದಾರರು "ಗೀಸರ್ ಸೋರ್ತಿದೆ" ಎಂದು ಫೋನ್ ಮಾಡುತ್ತಾರೆ, ನೀವು ಪ್ಲಂಬರನ್ನು ಕಳಿಸುತ್ತೀರಿ, ಅವನು ವಾಲ್ವಿನ ಬಾಯಿಗೆ ಟೇಪು ಸುತ್ತಿ ಎಂಡ್ ಕ್ಯಾಪ್ ಬಿಗಿದು ಹೋಗುತ್ತಾನೆ. ಸೋರಿಕೆ ನಿಂತಿತೆಂದು ಎಲ್ಲರಿಗೂ ನೆಮ್ಮದಿ. ಅಂಥ ಗೀಸರಿನಲ್ಲಿ ಥರ್ಮೋಸ್ಟಾಟ್ ಕಚ್ಚಿಕೊಂಡು, ಮಿತಿಮೀರಿ ಕಾದಾಗ ಕರೆಂಟು ಕಡಿಯುವ ಕಟೌಟ್ ಕೂಡ ಕೈಕೊಟ್ಟರೆ ನೀರು ನೂರು ಡಿಗ್ರಿ ದಾಟಿಯೂ ಆವಿಯಾಗದೆ ಒತ್ತಡದಲ್ಲಿ ಉಳಿಯುತ್ತದೆ. ಟ್ಯಾಂಕ್ ಬಿರಿದ ಕ್ಷಣ ಒಮ್ಮೆಗೇ ಆವಿಯಾಗಿ ಸಿಡಿಯುತ್ತದೆ. ಕೈಮುಗಿದು ಕೇಳುತ್ತೇನೆ, ಆ ಬಾಯಿಯನ್ನು ಮುಚ್ಚಿಸಬೇಡಿ. ಒಂದು ಸಣ್ಣ ಪೈಪ್ ಸಿಕ್ಕಿಸಿ ನೀರನ್ನು ಮೋರಿಗೆ ಬಿಡಿಸಿ. ಸ್ವಿಚ್ ಆಫ್ ಇದ್ದಾಗಲೂ ಹನಿ ನಿಲ್ಲದಿದ್ದರೆ ವಾಲ್ವ್ ಬದಲಿಸಿ, ಪಂಪಿನ ಒತ್ತಡ ಇಳಿಸಿ.

ತಾರಸಿಯ ಸೋಲಾರ್ ವಾಟರ್ ಹೀಟರಿಗೂ ಇದೇ ಮಾತು. 2007ರ ಸರ್ಕಾರಿ ಆದೇಶದಿಂದ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಅದು ಕಡ್ಡಾಯವಾಯಿತು, ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯೂ ಬಂತು. ಸೋಲಾರ್ ಟ್ಯಾಂಕಿನಿಂದ ಮೇಲಕ್ಕೆದ್ದ ಏರ್ ವೆಂಟ್ ಪೈಪಿನಿಂದ ನೀರು ಚೆಲ್ಲುತ್ತದೆಂದು ಅದಕ್ಕೆ ಮುಚ್ಚಳ ಹಾಕಿಸುವವರಿದ್ದಾರೆ. ಆ ಪೈಪನ್ನು ತಣ್ಣೀರಿನ ಟ್ಯಾಂಕಿಗಿಂತ ಎತ್ತರಕ್ಕೆ ಏರಿಸಬೇಕು, ಮುಚ್ಚಲೇಬಾರದು.

ನಿಮ್ಮ ಅಜ್ಜಿಯರಿಗೆ ಈ ವಿಷಯದಲ್ಲಿ ಒಂದು ಶಿಸ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಚ್ಚಲೊಲೆಯ ಬೂದಿ ಎತ್ತಿ, ಹಂಡೆಯ ಕತ್ತಿಗೆ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಿದ್ದರು. ನೀರು ಕಾಯಿಸುವ ಪಾತ್ರೆಗೆ ವರ್ಷಕ್ಕೊಂದು ದಿನ ಮೀಸಲಿಟ್ಟ ಹಬ್ಬ ಇದು. ಚಳಿಗಾಲ ಶುರುವಾಗುವ ಹೊತ್ತಿಗೇ ಬರುತ್ತದೆ. ಗೀಸರಿನ ನೀರು ಖಾಲಿ ಮಾಡಿಸಿ, ಕಾಯಿಲ್‌ನ ಪದರ ತೆಗೆಸಿ, ಆನೋಡ್ ಮತ್ತು ವಾಲ್ವ್ ನೋಡಿಸಲು ಇದಕ್ಕಿಂತ ಒಳ್ಳೆಯ ದಿನ ನನಗೆ ಕಾಣುವುದಿಲ್ಲ.

ಟ್ಯಾಂಕೇ ತೂತಾಗಿದ್ದರೆ ಎಂ-ಸೀಲ್ ಮೆತ್ತಿಸಬೇಡಿ, ಐಎಸ್‌ಐ ಗುರುತಿನ ಹೊಸ ಗೀಸರ್ ಹಾಕಿಸಿ. ಅಗ್ಗವೆಂದು ಗಾಳಿಯಾಡದ ಬಚ್ಚಲಿಗೆ ಗ್ಯಾಸ್ ಗೀಸರ್ ತರಲೇಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋದ ಸುದ್ದಿಯನ್ನು ಈ ಊರು ಹಲವು ಸಲ ಓದಿದೆ.

ಮುಂದಿನ ಕರಾರುಪತ್ರದಲ್ಲಿ ಒಂದು ಸಾಲು ಸೇರಿಸಿ: ವರ್ಷಕ್ಕೊಮ್ಮೆ ದೀಪಾವಳಿಗೆ ಮುಂಚೆ ಗೀಸರ್ ಸರ್ವಿಸ್, ಖರ್ಚು ಮಾಲೀಕರದು. ಸರ್ವಿಸಿನವರು ಬಂದ ದಿನ ಮನೆಯಲ್ಲಿದ್ದು ಬಾಗಿಲು ತೆಗೆಯುವುದು, ನೀರು ಜುಮ್ಮೆನ್ನಿಸಿದರೆ ಆ ಕ್ಷಣವೇ ಮೇನ್ ಆಫ್ ಮಾಡಿ ನಿಮಗೆ ತಿಳಿಸುವುದು ಬಾಡಿಗೆದಾರರ ಪಾಲು. ಗೀಸರ್ ಹಾಕಿಸಿದ ತಿಂಗಳು, ಆನೋಡ್ ಬದಲಿಸಿದ ತಿಂಗಳು ಎರಡನ್ನೂ ಅದರ ಮೈಮೇಲೆ ಮಾರ್ಕರಿನಲ್ಲಿ ಬರೆಸಿಡಿ. ಬಾಡಿಗೆದಾರರು ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ಇಂತಿ,
ಬನಶಂಕರಿಯ ಒಬ್ಬ ಬಾಡಿಗೆದಾರ