ಸೆನ್ಸರ್ ತರೋ ಮುಂಚೆ

ಬಾ ತಮ್ಮ, ಸ್ವಲ್ಪ ಬೇಲಿ ಹತ್ರ ಬಾ. ಬೆಳಿಗ್ಗೆಯಿಂದ ನಿನ್ನ ಪಿಕಪ್ಪು ಮಿಸ್ ಹೊಡೆಯೋದು ನಮ್ಮ ಅಡುಗೆಮನೆವರೆಗೂ ಕೇಳ್ತಿದೆ. ಸ್ಕ್ಯಾನರ್ ಹಾಕಿಸಿದ್ಯಾ? ಪಿ 0335 ಬಂತಾ? ಹಾಗಾದ್ರೆ ಕ್ರ್ಯಾಂಕ್ ಸೆನ್ಸರ್ ಲೈನು. ಹೊಸ ಸೆನ್ಸರ್ ತರೋಕೆ ಪೇಟೆಗೆ ಹೊರಟಿದೀಯ ಅಂತ ಕಾಣುತ್ತೆ. ಐದು ನಿಮಿಷ ನಿಲ್ಲಪ್ಪ.

ಸೆನ್ಸರ್ ಸತ್ತಿದೆ ಅಂತ ಆ ಕೋಡು ಹೇಳ್ತಿಲ್ಲ. ಅಲ್ಲಿಂದ ಬರಬೇಕಾದ ಸಿಗ್ನಲ್ಲು ಸರಿಯಾಗಿ ಬರ್ತಿಲ್ಲ ಅಂತಷ್ಟೇ ಹೇಳ್ತಿದೆ. ಸೆನ್ಸರೇ ಹೋಗಿರಬಹುದು, ದಾರೀಲಿ ವೈರು ಸವೆದಿರಬಹುದು, ಕಪ್ಲರ್ ಒಳಗೆ ಕಿಲುಬು ಹಿಡಿದಿರಬಹುದು.

ತೆಂಗಿನಕಾಯಿ ಸಾಗಿಸ್ತಿದ್ದ ನಮ್ಮ ಹಳೇ ಗಾಡಿ ನೆನಪಿದೆಯಲ್ಲ? ಅದಕ್ಕೂ ಇದೇ ಕೋಡು. ಒಂದಲ್ಲ, ಎರಡು ಸೆನ್ಸರ್ ಹಾಕಿಸಿದೆ. ಟಾರ್ ರಸ್ತೇಲಿ ಚೆನ್ನಾಗಿರೋದು. ಲೋಡ್ ಹೇರಿ ತೋಟದ ದಾರಿಗೆ ಇಳಿಸಿದ್ರೆ ಮತ್ತೆ ಜರ್ಕು. ಕೊನೆಗೆ ಗುಟ್ಟು ಹಿಡಿದವಳು ನಿಮ್ಮತ್ತಿಗೆ. ಪಕ್ಕದಲ್ಲಿ ಕೂತಿದ್ದವಳು, “ಗಾಡಿ ಎಳೆದಾಡಿದಾಗೆಲ್ಲ ಆ ಮುಳ್ಳು ಸೊನ್ನೆಗೆ ಬೀಳುತ್ತಲ್ರೀ” ಅಂದ್ಲು. ಆರ್‌ಪಿಎಂ ಮುಳ್ಳು! ಗೇರಿನಲ್ಲಿದ್ದು, ಕ್ಲಚ್ ಬಿಟ್ಟು, ಚಕ್ರ ಉರುಳ್ತಿರುವಾಗ ಇಂಜಿನ್ ತಿರುಗದೇ ಇರೋಕೆ ಆಗುತ್ತಾ? ಇಂಜಿನ್ ತಿರುಗ್ತಾನೇ ಇದೆ, ಸುದ್ದಿ ಮಾತ್ರ ತಲುಪ್ತಿಲ್ಲ.

ಆ ಸುದ್ದಿ ಎಷ್ಟು ಸೂಕ್ಷ್ಮ ಗೊತ್ತಾ? ಬಹಳಷ್ಟು ಇಂಜಿನ್‌ಗಳಲ್ಲಿ ಕ್ರ್ಯಾಂಕ್ ಜೊತೆ ತಿರುಗೋ ಚಕ್ರದಲ್ಲಿ 60 ಹಲ್ಲಿನ ಜಾಗ ಇರುತ್ತೆ, ಅದರಲ್ಲಿ 2 ಹಲ್ಲು ಬೇಕಂತಲೇ ಬಿಟ್ಟಿರ್ತಾರೆ. ಆ ಸಂದು ನೋಡ್ಕೊಂಡೇ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರ್ ತಿಳ್ಕೊಳ್ಳೋದು. ನಾಲ್ಕು ಸಿಲಿಂಡರ್ ಗಾಡಿ 750 ಆರ್‌ಪಿಎಂನಲ್ಲಿ ನಿಂತಿದ್ರೂ ಸೆಕೆಂಡಿಗೆ 25 ಸಲ ಉರಿಬೇಕು; ಒಂದಕ್ಕೂ ಇನ್ನೊಂದಕ್ಕೂ ನಡುವೆ 40 ಮಿಲಿಸೆಕೆಂಡು. ಅಷ್ಟರಲ್ಲಿ ಎಣಿಕೆ ತಪ್ಪಿದ್ರೆ ಯಾವಾಗ ಡೀಸೆಲ್ ಬಿಡಬೇಕು ಅನ್ನೋದೇ ಅದಕ್ಕೆ ತಿಳಿಯಲ್ಲ.

ಆಮೇಲೆ ವೈರು ಹಿಡಿದು ಹುಡುಕ್ತಾ ಹೋದೆ. ಆಲ್ಟರ್ನೇಟರ್ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಹೋಗಿ ತಾಮ್ರ ಹೊಳೀತಿತ್ತು. ಗುಂಡಿಗೆ ಇಳಿದಾಗೆಲ್ಲ ಅದು ಬ್ರಾಕೆಟ್ಟಿನ ಲೋಹಕ್ಕೆ ತಾಗೋದು. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಬ್ರಾಕೆಟ್ಟಿಂದ ದೂರ ಕಟ್ಟಿದೆ. ಆ ಗಾಡಿ ಮಾರೋವರೆಗೂ ಚೆಕ್ ಲೈಟು ಮತ್ತೆ ಹತ್ತಲಿಲ್ಲ.

ಪಿ 0303 ಬಂದಿದ್ರೆ ಬೇರೆ ಮಾತು. ಕೊನೇ ಅಂಕಿನೇ ಮೂರನೇ ಸಿಲಿಂಡರ್ ಅಂತ ತೋರಿಸುತ್ತೆ. ಆಗ ಇಂಜೆಕ್ಟರುಗಳ ರಿಟರ್ನ್ ನೋಡಬೇಕು: ನಾಲ್ಕಕ್ಕೂ ಒಂದೊಂದು ಬಾಟ್ಲಿ ಇಟ್ಟು, ಯಾವುದರಲ್ಲಿ ಡೀಸೆಲ್ ಜಾಸ್ತಿ ವಾಪಸ್ ಬರುತ್ತೆ ಅಂತ. ಆದ್ರೆ ಹಳೇ ಪಂಪಿನ ಗಾಡಿ ಥರ ಇಂಜಿನ್ ಓಡ್ತಿರುವಾಗ ಪೈಪಿನ ನಟ್ಟು ಮಾತ್ರ ಸಡಿಲಿಸಬೇಡ, ನಿಂಗೆ ಕೈಮುಗೀತೀನಿ. ಕಾಮನ್ ರೇಲಿನಲ್ಲಿ ನೂರಾರು ಬಾರ್ ಒತ್ತಡ, ಲೋಡಿನಲ್ಲಿ ಸಾವಿರ ದಾಟುತ್ತೆ. ಆ ಡೀಸೆಲ್ಲು ಚರ್ಮ ತೂರಿ ಒಳಗೆ ಹೋದ್ರೆ ಬೆರಳೇ ಹೋಗಬಹುದು.

ಕೋಡು ಅಳಿಸಿಬಿಟ್ಟಿಲ್ಲ ತಾನೇ? ಒಳ್ಳೇದು. ದೋಷ ಬಂದಾಗ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಅನ್ನೋದೂ ಅದರ ಜೊತೆ ಇರುತ್ತೆ, ಮೊದ್ಲು ಬರ್ಕೊ. ಬಾನೆಟ್ ಎತ್ತಿರು, ನಾನು ಟಾರ್ಚ್ ತರ್ತೀನಿ. ನೀನು ಸೀಟಿನಲ್ಲಿ ಕೂತು ಮುಳ್ಳಿನ ಮೇಲೆ ಕಣ್ಣಿಡು. ನಾನು ಫ್ಯಾನು, ಬೆಲ್ಟಿಂದ ಕೈ ದೂರ ಇಟ್ಕೊಂಡು, ಒಂದು ಕಡ್ಡೀಲಿ ವೈರು ಅಲ್ಲಾಡಿಸ್ತೀನಿ. ಮುಳ್ಳು ಬಿದ್ದ ತಕ್ಷಣ ಕೂಗು.