ಸೊಳ್ಳೆ ಪರದೆಗೆ ಸಿಕ್ಕ ಮರ್ಯಾದೆ

ತೊಡೆಸಂದಿನ ಹರ್ನಿಯಾದಷ್ಟು ಸಂಕೋಚದ ಕಾಯಿಲೆ ಇನ್ನೊಂದಿಲ್ಲ. ಮಲಗಿದರೆ ಒಳಗೆ ಸರಿಯುತ್ತದೆ, ಮೂಟೆ ಹೊತ್ತರೆ ಹೊರಗೆ ಇಣುಕುತ್ತದೆ. ಮೂಟೆ ಹೊರದೆ ಕುರ್ಚಿಯಲ್ಲಿ ಕೂತು ಆರೋಗ್ಯ ಬಜೆಟ್ ಬರೆಯುವವರಿಗೆ ಅದು ಕಾಣಿಸುವುದಾದರೂ ಹೇಗೆ?

ಮದ್ದು ಸರಳ. ಕರುಳು ಜಾರುವ ಕಿಂಡಿಗೆ ಅಂಗೈಯಗಲದ ಪ್ಲಾಸ್ಟಿಕ್ ಬಲೆಯ ತೇಪೆ. ಕಂಪನಿ ಬಲೆಗೆ ಮಾತ್ರ ನೂರು ಡಾಲರ್ ದಾಟುವ ಬೆಲೆಯೂ ಇತ್ತು. ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ರವೀಂದ್ರನಾಥ ಟೋಂಗಾಂವ್ಕರ್ 1990ರ ದಶಕದಲ್ಲಿ ಸೊಳ್ಳೆ ಪರದೆಯನ್ನೇ ಕತ್ತರಿಸಿ, ಕ್ರಿಮಿಶುದ್ಧ ಮಾಡಿ ಹೊಲಿದರು. ಆದರೆ ಸಂತೆಯ ಮಾಲಿಗೆ ಯಾರು ಮಣೆ ಹಾಕುತ್ತಾರೆ? ಪರದೆ ಉಗಾಂಡದಲ್ಲಿ ಸ್ವೀಡನ್ ಸಂಶೋಧಕರ ಮುಂದೆ 302 ಗಂಡಸರ ಪರೀಕ್ಷೆಗೆ ಕೂತು, 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಚ್ಚಾದ ಮೇಲೆ ‘ಲೋ-ಕಾಸ್ಟ್ ಮೆಶ್’ ಎಂಬ ಬಿರುದು ಬಂತು. ವರ್ಷದೊಳಗೆ ಹರ್ನಿಯಾ ಮರಳಿದ್ದು ಪರದೆಯವರಲ್ಲಿ ಒಬ್ಬನಿಗೆ, ಕಂಪನಿ ಬಲೆಯವರಲ್ಲಿ ಯಾರಿಗೂ ಇಲ್ಲ. ಕಂಪನಿಯ ಮಾನ ಉಳಿದದ್ದು ಆ ಒಬ್ಬ ಪುಣ್ಯಾತ್ಮನಿಂದ!

ಇನ್ನು ಹೊಲಿಯುವ ಕೈ. 2005ರಲ್ಲಿ ಘಾನಾದ ಟಕೊರಾಡಿಯಲ್ಲಿ ಶುರುವಾದ, ಹೊರದೇಶದಿಂದ ಬಂದು ಹೊಲಿಯುವ ಸರ್ಜನ್‌ಗಳ ‘ಆಪರೇಷನ್ ಹರ್ನಿಯಾ’ದವರು ಬ್ಯಾಗಿನಲ್ಲಿ ಇದೇ ಪರದೆ ಒಯ್ದರು, ಊರಿನ ವೈದ್ಯರಿಗೂ ಕಲಿಸಿದರು. ಅವರಿಗೆ ಕೈ ಮುಗಿಯೋಣ. ಆದರೆ ಬಲೆಗಿಂತ ಬ್ಯಾನರ್ ಉದ್ದವಿರುವ ಕ್ಯಾಂಪುಗಳೂ ಇವೆ. ಸೋಮವಾರ ಹಾರ, ಶುಕ್ರವಾರ ಗ್ರೂಪ್ ಫೋಟೋ. ಶನಿವಾರ ಗಾಯ ಕೀವಾದರೆ ನೋಡಲು ನರ್ಸಮ್ಮ ಇದ್ದಾಳಲ್ಲ, ಫೋಟೋದಲ್ಲಿಲ್ಲದವಳು.

ಸಿಯೆರಾ ಲಿಯೋನ್‌ನವರು ಇನ್ನೊಂದು ಅಧಿಕಪ್ರಸಂಗ ಮಾಡಿದರು. ಅರ್ಧ ರೋಗಿಗಳನ್ನು ಡಾಕ್ಟರ ಕೈಗೆ, ಅರ್ಧವನ್ನು ಡಾಕ್ಟರ್ ಡಿಗ್ರಿಯಿಲ್ಲದ, ಕತ್ತರಿ ಹಿಡಿಯಲು ತರಬೇತಾದ ಸ್ಥಳೀಯ ಆರೋಗ್ಯ ಸಿಬ್ಬಂದಿಯ ಕೈಗೆ ಕೊಟ್ಟರು. 2021ರಲ್ಲಿ ಲೆಕ್ಕ ಹೊರಬಂತು. ವರ್ಷದ ನಂತರ ನೋಡಿದರೆ ಡಾಕ್ಟರ ಪಾಲಿನ 101 ಜನರಲ್ಲಿ 7 ಮಂದಿಗೆ ಹರ್ನಿಯಾ ವಾಪಸ್. ಸಿಬ್ಬಂದಿಯ 108ರಲ್ಲಿ ಒಬ್ಬನಿಗೆ.

ಹಾಗಾದರೆ ಇಂಥವನನ್ನೇ ಊರೂರಿಗೆ ನೇಮಿಸಬಾರದೇ? ಕಷ್ಟ ಸ್ವಾಮಿ. ವಿಮಾನ ನಿಲ್ದಾಣದಲ್ಲಿ ಹಾರ ಹಾಕೋಣವೆಂದರೆ ಅವನು ಎಲ್ಲಿಂದಲೂ ಬರುವುದಿಲ್ಲ. ಬೀಳ್ಕೊಡೋಣವೆಂದರೆ ಎಲ್ಲಿಗೂ ಹೋಗುವುದಿಲ್ಲ. ಮೇಲಾಗಿ, ತಿಂಗಳಿಗೊಮ್ಮೆ ಸಂಬಳ ಕೇಳುತ್ತಾನೆ.