ಮಾಸ್ಕ್ ಮೇಡಂ ಮನೆ

ನಮ್ಮ ರಸ್ತೆಯಲ್ಲಿ ನನಗೆ ಎರಡನೇ ಸಲ ನಾಮಕರಣ ಆಗಿದೆ. ಕೊರಿಯರ್ ಹುಡುಗ ದಾರಿ ಕೇಳಿದರೆ ಮೂಲೆಯ ಅಂಗಡಿಯವರು ‘ಮಾಸ್ಕ್ ಮೇಡಂ ಮನೆ ದಾಟಿ ಎಡಕ್ಕೆ ತಿರುಗು’ ಅನ್ನುತ್ತಾರೆ. ಮೈಸೂರಿನಲ್ಲಿ ವರ್ಷಾನುಗಟ್ಟಲೆ ಭೌತಶಾಸ್ತ್ರ ಪಾಠ ಹೇಳಿದಾಗ ಬಾರದ ಕೀರ್ತಿ ಮೂಗು ಮುಚ್ಚಿಕೊಂಡ ಮೇಲೆ ಬಂತು.

ಕೀರ್ತಿ ಬಂತು, ಮುಖ ಹೋಯಿತು. ಮೊನ್ನೆ ತರಕಾರಿ ಗಾಡಿಯ ಹೆಂಗಸು ಬಂದಾಗ ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಯಲಲ್ಲಿ, ಅದೂ ಒಬ್ಬಳೇ ಇರುವಾಗ, ಮಾಸ್ಕ್ ಹಾಕುವಷ್ಟು ಹುಚ್ಚು ನನಗೂ ಇಲ್ಲ. ಆಕೆ ನನ್ನನ್ನು ಒಂದು ಗಳಿಗೆ ನೋಡಿ, ‘ಅಮ್ಮಾವ್ರು ಇಲ್ವಾ ಒಳಗೆ?’ ಅಂದಳು. ‘ನಾನೇ ಕಣಮ್ಮಾ’ ಅಂದೆ. ನಂಬಿಕೆ ಬಂದಂತೆ ಕಾಣಲಿಲ್ಲ. ಕೈ ಎತ್ತಿ ಮೂಗು ಬಾಯಿಗೆ ಅಡ್ಡ ಹಿಡಿದು ತೋರಿಸಿದೆ. ‘ಹಾಂ, ಈಗ ಗೊತ್ತಾಯ್ತು ನೋಡಿ’ ಅಂತ ನೆಮ್ಮದಿಯಿಂದ ಹೀರೇಕಾಯಿ ತೂಗಿ ಕೊಟ್ಟಳು.

‘ಇನ್ನೂ ಹಾಕ್ತೀರಾ?’ ಅಂತ ಕೇಳದವರಿಲ್ಲ. ಮೊದಮೊದಲು ನಿಜವಾದ ಕಾರಣ ಹೇಳುತ್ತಿದ್ದೆ. ಯಜಮಾನರಿಗೆ ಕಿಡ್ನಿ ಕಸಿ ಆಗಿದೆ, ಹೊಸ ಕಿಡ್ನಿಯ ಮೇಲೆ ದೇಹ ಜಗಳಕ್ಕೆ ಹೋಗದಿರಲಿ ಅಂತ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ದಿನಾ ನುಂಗಬೇಕು, ಹಾಗಾಗಿ ಲಸಿಕೆಯೂ ಅವರಲ್ಲಿ ಬೇರೆಯವರಷ್ಟು ಕೆಲಸ ಮಾಡುವುದಿಲ್ಲ, ನಾನು ಹೊರಗಿಂದ ಏನನ್ನೂ ಮನೆಗೆ ತರುವ ಹಾಗಿಲ್ಲ. ಕೇಳಿದವರು ಇಷ್ಟನ್ನೂ ಕೇಳಿಸಿಕೊಂಡು, ‘ಅಯ್ಯೋ, ದೇವರಿದಾನೆ ಬಿಡಿ, ಈಗ ಎಲ್ಲಿದೆ ಕೊರೊನಾ?’ ಅಂದು, ಪಕ್ಕಕ್ಕೆ ತಿರುಗಿ ಕೆಮ್ಮುತ್ತಿದ್ದರು. ಕಡೆಗೆ ಒಂದು ದಿನ ಬೇಸತ್ತು, ‘ಧೂಳು ಅಲರ್ಜಿ ಕಣ್ರೀ’ ಅಂದುಬಿಟ್ಟೆ. ಅದೇನು ಮರ್ಯಾದೆ! ‘ಹೌದೌದು, ಏನು ಧೂಳಪ್ಪಾ ಈ ಊರಲ್ಲಿ, ಹಾಕ್ಕೊಳ್ಳಲೇಬೇಕು’ ಅಂತ ಎಲ್ಲರೂ ಒಪ್ಪಿದರು. ವೈರಸ್ಸಿಗೆ ಹೆದರುವವರು ಪುಕ್ಕಲರು, ಧೂಳಿಗೆ ಹೆದರುವವರು ಸೂಕ್ಷ್ಮ ಪ್ರಕೃತಿಯವರು. ಅಂದಿನಿಂದ ನಾನು ಸೂಕ್ಷ್ಮ ಪ್ರಕೃತಿಯವಳು.

ಈಗ ಹೀಗೆನ್ನುವ ಇದೇ ಜನ 2020ರಲ್ಲಿ ಹೇಗಿದ್ದರು ಅನ್ನುವುದನ್ನು ನಾನು ಮರೆತಿಲ್ಲ. ಪಕ್ಕದ ಮನೆಯ ರಾಯರು ಆಗ ನಮ್ಮ ಬೀದಿಗೆಲ್ಲ ದಿಕ್ಸೂಚಿ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಾಕಿ ಸ್ನಾನ ಮಾಡಿಸುತ್ತಿದ್ದರು. ನೋಟುಗಳನ್ನು ನೀರಲ್ಲಿ ಅದ್ದಿ, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ ಪರ್ಸಿಗೆ ಸೇರಿಸುತ್ತಿದ್ದರು. ಬೀದಿಯ ಯಾರ ಬಳಿಯಾದರೂ ಗರಿಗರಿಯಾದ ಹತ್ತರ ನೋಟು ಕಂಡರೆ ಅದು ರಾಯರ ಕೈ ದಾಟಿ ಬಂದದ್ದು ಅಂತ ತಿಳಿಯುತ್ತಿತ್ತು. ನಂಜನಗೂಡಿನ ಪ್ರಕರಣಗಳಿಂದಾಗಿ ನಮ್ಮ ಜಿಲ್ಲೆ ದಿನಾ ಟಿವಿಯಲ್ಲಿ. ಒಬ್ಬೊಬ್ಬ ರೋಗಿಗೂ ಒಂದೊಂದು ‘ಪಿ’ ನಂಬರು. ರಾಯರಿಗೆ ಮೊಮ್ಮಕ್ಕಳ ಹುಟ್ಟಿದ ದಿನ ಮರೆತರೂ ಆ ನಂಬರುಗಳು ಮರೆಯುತ್ತಿರಲಿಲ್ಲ. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು ಕೇಳಿಸಿ, ಸರ್ಕಾರದ ಬುದ್ಧಿವಾದ ಮುಗಿದು, ಆಮೇಲೆ ಹಲೋ ಬರುತ್ತಿತ್ತು. ಹಿಂದಿನ ರಸ್ತೆಯ ಒಂದು ಮನೆಯಲ್ಲಿ ಪಾಸಿಟಿವ್ ಬಂದು ಗಳ ಕಟ್ಟಿ ಸೀಲ್‌ಡೌನ್ ಮಾಡಿದಾಗ, ಆ ಮನೆಯ ಕಡೆ ಮುಖ ಮಾಡಿ ಮಲಗಬಾರದು ಅಂತ ರಾಯರು ಮಂಚದ ದಿಕ್ಕನ್ನೇ ಬದಲಿಸಿದರು.

ಅವರ ಎನ್ 95 ಮಾಸ್ಕಿನದು ಇನ್ನೊಂದು ಕಥೆ. ಅದನ್ನು ದಿನಾ ಸೀಗೇಕಾಯಿ ನೀರಲ್ಲಿ ಒಗೆಯುತ್ತಿದ್ದರು. ಕಾಂಪೌಂಡಿನ ಈಚೆಯಿಂದ ನಾನು ಎಷ್ಟೋ ಹೇಳಿ ನೋಡಿದೆ: ರಾಯರೇ, ಅದು ಬಟ್ಟೆಯಲ್ಲ, ಅದರೊಳಗಿನ ಎಳೆಗಳಲ್ಲಿ ಸ್ಥಾಯೀ ವಿದ್ಯುತ್ ಇರುತ್ತೆ, ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತಲ್ಲ, ಅದೇ ತತ್ತ್ವ, ಸುಮಾರು 0.3 ಮೈಕ್ರಾನಿನ ಕಣಗಳಲ್ಲೂ ನೂರಕ್ಕೆ ಕನಿಷ್ಠ 95ನ್ನು ತಡೀಬೇಕು ಅಂತಲೇ ಅದಕ್ಕೆ ಆ ಹೆಸರು, ಒಗೆದರೆ ಆ ವಿದ್ಯುತ್ತೇ ಹೋಗುತ್ತೆ. ‘ಕರೆಂಟ್ ಇರೋ ವಸ್ತು ಮೂಗಿನ ಮೇಲಾ?’ ಅಂತ ಗಾಬರಿಯಾಗಿ ರಾಯರು ಅವತ್ತೇ ಮಡಿಪಂಚೆಯ ತುಂಡಿಗೆ ಬದಲಾದರು. ನಾನು ಪಾಠ ಹೇಳಿದ ಎಷ್ಟೋ ಮಕ್ಕಳು ವಿಜ್ಞಾನ ಬಿಟ್ಟು ಕಾಮರ್ಸಿಗೆ ಹೋದದ್ದು ಯಾಕೆ ಅಂತ ಆಗ ಹೊಳೆಯಿತು.

ಆಗ ದಂಡವೂ ಇತ್ತಲ್ಲ. ಮಾಸ್ಕ್ ಇಲ್ಲದಿದ್ದರೆ ನಗರದಲ್ಲಿ 1,000 ರೂಪಾಯಿ ಅಂತ ಸರ್ಕಾರ ಹೇಳಿತು. ಜನ ಗಲಾಟೆ ಮಾಡಿದ ಮೇಲೆ 250ಕ್ಕೆ ಇಳಿಸಿತು, ಹಳ್ಳಿಯಲ್ಲಿ 100. ಪೇಟೆಯ ಮೂಗಿಗೂ ಹಳ್ಳಿಯ ಮೂಗಿಗೂ 150 ರೂಪಾಯಿ ವ್ಯತ್ಯಾಸ ಯಾಕೆ ಅಂತ ಯಾರೂ ವಿವರಿಸಲಿಲ್ಲ. ದಂಡದ ಭಯಕ್ಕೆ ಮಾಸ್ಕ್ ಎಲ್ಲರ ಮುಖಕ್ಕೂ ಏರಿತು. ಏರಿದ್ದು ಗಲ್ಲದವರೆಗೆ ಮಾತ್ರ.

ಸೋಪು, ಸ್ಯಾನಿಟೈಸರು, ಇಸ್ತ್ರಿಪೆಟ್ಟಿಗೆ. ಇಷ್ಟೆಲ್ಲ ಯುದ್ಧ ನಡೆದದ್ದು ಕೈಗೂ ವಸ್ತುಗಳಿಗೂ ಅಂಟುವ ಶತ್ರುವಿನ ಮೇಲೆ. ಅಸಲಿ ಶತ್ರು ಗಾಳಿಯಲ್ಲಿ ತೇಲುತ್ತಿದ್ದ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್ 28ರಂದು ‘ಇದು ಗಾಳಿಯಿಂದ ಹರಡುವ ರೋಗವಲ್ಲ’ ಅಂತ ಜಗತ್ತಿಗೆ ಸಾರಿತ್ತು. ಆ ಮಾತನ್ನು ತಿದ್ದಿಕೊಳ್ಳುವುದಕ್ಕೆ ಅದಕ್ಕೆ ವರ್ಷವೇ ಹಿಡಿಯಿತು. ಅಷ್ಟು ಹೊತ್ತಿಗೆ ಜನ ಕೈ ತೊಳೆದು ತೊಳೆದು, ಕೊನೆಗೆ ರೋಗದ ವಿಚಾರಕ್ಕೇ ಕೈ ತೊಳೆದುಕೊಂಡಿದ್ದರು.

ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋದರೆ ಇದರ ತದ್ವಿರುದ್ಧ ಕಾಣುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳೇ ಕಾರಣ, ಗಾಳಿ ಬೆಳಕು ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಎಬ್ಬಿಸಿದರು: ನೇರವಾದ ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಒಂದು ಓಣಿ. ಮೈಸೂರಿನಲ್ಲೂ 1903ರಲ್ಲಿ ಊರು ಸುಧಾರಿಸುವುದಕ್ಕೆಂದೇ ಟ್ರಸ್ಟ್ ಬೋರ್ಡ್ ಬಂತು. ಪ್ಲೇಗ್ ಜನರಿಗೆ ತಗಲುತ್ತಿದ್ದದ್ದು ಹೆಚ್ಚಾಗಿ ಇಲಿಯ ಮೈಮೇಲಿನ ಚಿಗಟದಿಂದ. ಚಿಗಟದ ರೋಗಕ್ಕೆ ಹೆದರಿ ಗಾಳಿಯಾಡುವ ಊರು ಕಟ್ಟಿದವರ ಮರಿಮಕ್ಕಳು ನಾವು. ಗಾಳಿಯ ರೋಗ ಬಂದಾಗ ಕಿಟಕಿ ಹಾಕಿ, ಎಸಿ ಆನ್ ಮಾಡಿ, ಹಾಲಿನ ಪ್ಯಾಕೆಟ್ ತೊಳೆದೆವು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಅಂತ ಘೋಷಿಸಿತು. ತುರ್ತು ಮುಗಿಯಿತು ಅಂದದ್ದೇ ಹೊರತು ವೈರಸ್ ಹೋಯಿತು ಅನ್ನಲಿಲ್ಲ. ನಮ್ಮ ಬೀದಿಯವರು ಅದಕ್ಕೂ ಕಾದಿರಲಿಲ್ಲ, ಒಂದು ವರ್ಷ ಮುಂಚೆಯೇ ಮುಗಿಸಿದ್ದರು. ಅಂದಿನಿಂದ ಇಲ್ಲಿ ಯಾರಿಗೂ ಕೋವಿಡ್ ಬಂದಿಲ್ಲ. ಜ್ವರ ಬರುತ್ತದೆ, ವಾಸನೆ ಹೋಗುತ್ತದೆ, ತಿಂಗಳುಗಟ್ಟಲೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಕೇಳಿದರೆ ವೈರಲ್ಲು, ಇಲ್ಲದಿದ್ದರೆ ಹವಾಮಾನ. ಕಾಶಿಗೆ ಹೋಗಿ ಬಂದವರಿಗೆ ನೀರು ಬದಲಾಯಿತು. ಮೊಮ್ಮಗಳಿಗೆ ಐಸ್‌ಕ್ರೀಮು. ರಾಯರಿಗೆ ಸೊಸೆ ಫ್ರಿಜ್ಜಿನಿಂದ ನೇರ ತೆಗೆದು ಬಡಿಸಿದ ಮೊಸರು. ಟೆಸ್ಟ್ ಮಾಡಿಸಿ ಅಂದರೆ, ‘ಮಾಡಿಸಿದ್ರೆ ಏನಾದ್ರೂ ಬಂದುಬಿಟ್ರೆ?’ ಅನ್ನುತ್ತಾರೆ.

2023ರ ಡಿಸೆಂಬರಿನಲ್ಲಿ ಮಾತ್ರ ನನಗೂ ಒಂದು ಸುಗ್ಗಿ ಬಂತು. ಜೆಎನ್.1 ಅನ್ನುವ ಹೊಸ ತಳಿಯ ಸುದ್ದಿ, ಅರವತ್ತು ದಾಟಿದವರು ಮಾಸ್ಕ್ ಹಾಕಿ ಅಂತ ರಾಜ್ಯ ಸರ್ಕಾರದ ಸಲಹೆ. ನಿನ್ನೆಯವರೆಗೆ ಹುಚ್ಚಿಯಾಗಿದ್ದವಳು ಬೆಳಗಾಗುವುದರೊಳಗೆ ದೂರದೃಷ್ಟಿಯುಳ್ಳವಳಾದೆ. ‘ನೀವು ಎಲ್ಲಿ ತಗೊಳ್ತೀರಿ ಮೇಡಂ, ಚೆನ್ನಾಗಿರುತ್ತಾ, ಎಷ್ಟಾಗುತ್ತೆ?’ ಅಂತ ಗೇಟಿನ ಹತ್ತಿರ ವಿಚಾರಣೆ. ರಾಯರೂ ಒಂದು ಮಾಸ್ಕ್ ಇಸಿದುಕೊಂಡು ಹೋದರು. ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡುವುದಕ್ಕೆ ಬಂದಾಗ ಅದು ಮೊಣಕೈಗೆ ಇಳಿದಿತ್ತು, ಯುಗಾದಿಗೆ ಅವರ ಸ್ಕೂಟರಿನ ಕನ್ನಡಿಯಲ್ಲಿ ನೇತಾಡುತ್ತಿತ್ತು. 2025ರ ಮೇನಲ್ಲಿ ಪ್ರಕರಣಗಳು ಮತ್ತೆ ಏರಿದಾಗ ಅದೇ ಮಾಸ್ಕ್ ಕನ್ನಡಿಯಿಂದ ಕೆಳಗಿಳಿದು, ಧೂಳು ಕೊಡವಿಸಿಕೊಂಡು, ಕೆಲವು ದಿನ ಸೇವೆ ಸಲ್ಲಿಸಿತು.

ಕಷ್ಟವಿರುವುದು ಮದುವೆಗಳಲ್ಲಿ. ಮಾಸ್ಕ್ ಹಾಕಿಕೊಂಡು ಮುಹೂರ್ತ ನೋಡಬಹುದು, ಅಕ್ಷತೆ ಹಾಕಬಹುದು, ಬೀಗರಿಗೆ ಕೈ ಮುಗಿಯಬಹುದು. ಊಟ ಮಾಡಲಾಗುವುದಿಲ್ಲ. ಊಟ ಮಾಡದೆ ಹೊರಟರೆ ಮೈಸೂರು ಕಡೆ ಅದು ವೈರಸ್ಸಿಗಿಂತ ವೇಗವಾಗಿ ಹರಡುವ ಸುದ್ದಿ. ‘ಅವಳು ಎಲೆ ಮುಂದೆ ಕೂರಲಿಲ್ಲವಂತೆ, ಹುಡುಗಿ ಕಡೆಯವರು ಏನು ಅಂದ್ರೋ!’ ಅದಕ್ಕೇ ನನ್ನದೊಂದು ಪದ್ಧತಿ ಇದೆ: ಮೊದಲ ಪಂಕ್ತಿ, ಬಾಗಿಲ ಪಕ್ಕದ ಕಡೇ ಎಲೆ. ಹಾಲ್ ಇನ್ನೂ ತುಂಬಿರುವುದಿಲ್ಲ, ಗಾಳಿ ಇನ್ನೂ ಯಾರದ್ದೂ ಆಗಿರುವುದಿಲ್ಲ. ಪಲ್ಯ ಕೋಸಂಬರಿ ಬಡಿಸುತ್ತಾ ಬರುವ ಹುಡುಗರಿಗೆ ನನ್ನ ವೇಗ ಕಂಡು ಗಾಬರಿ. ತಿಳಿಸಾರು ಬರುವಷ್ಟರಲ್ಲಿ ಮಜ್ಜಿಗೆ ಕೇಳುತ್ತೇನೆ.

ನನ್ನ ಬ್ಯಾಗಿನಲ್ಲಿ ಒಂದು ಯಂತ್ರವಿರುತ್ತದೆ, ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯುತ್ತದೆ. ಬಯಲಲ್ಲಿ 420ರ ಆಸುಪಾಸು ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಜನ ಉಸಿರು ಬಿಟ್ಟಹಾಗೆಲ್ಲ ಅಂಕಿ ಏರುತ್ತದೆ, ಅಂದರೆ ಬೇರೆಯವರು ಬಿಟ್ಟ ಉಸಿರನ್ನು ನಾವೆಷ್ಟು ಸೇವಿಸುತ್ತಿದ್ದೇವೆ ಅನ್ನುವುದರ ಅಂದಾಜು ಸಿಗುತ್ತದೆ. ಹಿಂದಿನ ಮಾಘದಲ್ಲಿ ದಾಯಾದಿಗಳ ಮನೆ ಮದುವೆ ಒಂದು ಎಸಿ ಛತ್ರದಲ್ಲಾಯಿತು. ಗಟ್ಟಿಮೇಳದ ಹೊತ್ತಿಗೆ ನೋಡಿದೆ: 2,300. ಪಕ್ಕದಲ್ಲಿ ಕೂತಿದ್ದ ಯಜಮಾನರ ಚಿಕ್ಕಪ್ಪ, ಎಂಬತ್ತರ ಹತ್ತಿರದವರು, ಬಗ್ಗಿ ನೋಡಿದರು.

‘ಏನಮ್ಮಾ, ಶುಗರ್ ಮಿಷನ್ನಾ?’

ಗಟ್ಟಿಮೇಳದ ಸದ್ದಿನಲ್ಲಿ ನಾನು ಹೇಳಿದ್ದು ಕೇಳಿಸಲಿಲ್ಲ. ಅವರೇ ಅದನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿಂದ ಒತ್ತಿ ಹಿಡಿದು, ಕಣ್ಣಿನ ಹತ್ತಿರ ತಂದರು. ಅವರ ಉಸಿರು ನೇರ ತಾಗಿ ಅಂಕಿ 3,100ಕ್ಕೆ ಹಾರಿತು.

‘ಮೂರು ಸಾವಿರದ ನೂರು!’ ಅಂದರು. ಮುಖ ಬಿಳುಚಿತು. ‘ಬೆಳಿಗ್ಗೆ ಒಂದೇ ಒಂದು ಬಾದಾಮ್ ಹಲ್ವಾ ಕಣಮ್ಮಾ ತಿಂದಿದ್ದು.’

ನಾನು ವಿವರಿಸುವಷ್ಟರಲ್ಲಿ ಎದ್ದು ಹೋಗಿದ್ದರು. ಆವತ್ತು ಪಂಕ್ತಿಯಲ್ಲಿ ಒಬ್ಬಟ್ಟು ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟರಂತೆ. ಚಿಕ್ಕತ್ತೆ ಆಮೇಲೆ ನನ್ನನ್ನು ಮೂಲೆಗೆ ಕರೆದು, ‘ಡಾಕ್ಟರ ಕೈಲಿ ಆಗದೇ ಇದ್ದದ್ದು ನಿನ್ನ ಕೈಲಿ ಆಯ್ತು. ಮುಂದಿನ ಸಲ ಬರುವಾಗ್ಲೂ ಆ ಮಿಷನ್ ತಗೊಂಡು ಬಾ’ ಅಂದರು. ನಿಜ ಹೇಳಿ ಅವರ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ. ಆ ಯಂತ್ರದಿಂದ ಈ ಊರಿನಲ್ಲಿ ಯಾರಿಗಾದರೂ ಆರೋಗ್ಯ ಲಾಭ ಆಗಿದ್ದರೆ ಅದು ಅದೊಂದೇ.

ಫೋಟೋದವರದು ಬೇರೆ ಕಾಟ. ‘ಮೇಡಂ, ಮಾಸ್ಕ್ ತೆಗೀರಿ, ಒಂದೇ ನಿಮಿಷ, ಸ್ಮೈಲ್.’ ನಾನು ಒಳಗೇ ನಗುತ್ತಿದ್ದೇನೆ ಅಂದರೆ ಅವರಿಗೆ ಸಾಲದು. ಉಸಿರು ಹಿಡಿದು, ತೆಗೆದು, ಕ್ಲಿಕ್ ಅಂದ ತಕ್ಷಣ ಹಾಕುತ್ತೇನೆ. ಹಾಗಾಗಿ ನಮ್ಮ ಬಳಗದ ಆಲ್ಬಂಗಳಲ್ಲೆಲ್ಲ ನಾನು ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅಗಲಿಸಿಕೊಂಡು, ವಧೂವರರ ಪಕ್ಕದಲ್ಲಿ ಆಘಾತವಾದವಳಂತೆ ನಿಂತಿರುತ್ತೇನೆ. ಒಬ್ಬ ಮದುಮಗನ ತಾಯಿ, ಸೊಸೆ ನನಗೆ ಇಷ್ಟವಾಗಿಲ್ಲ ಅಂತಲೇ ತಿಳಿದಿದ್ದಾರೆ.

ಯಜಮಾನರು ಇಂಥ ಯಾವುದಕ್ಕೂ ಬರುವುದಿಲ್ಲ. ಮನೆಯಲ್ಲಿ ಕೂತು ಪದಬಂಧ ತುಂಬುತ್ತಾರೆ, ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಯಲ ಗಾಳಿಯಲ್ಲಿ ನಡೆಯುತ್ತಾರೆ. ಮಾತ್ರೆ, ನೀರು, ನಡಿಗೆ, ಮತ್ತೆ ಮಾತ್ರೆ. ಅವರಿಗೆ ಕಿಡ್ನಿ ಕೊಟ್ಟವಳು ನನ್ನ ನಾದಿನಿ. ಕೊಟ್ಟ ದಿನದಿಂದ ಇವತ್ತಿನವರೆಗೆ ‘ನನ್ನದು ಹೇಗಿದೆ?’ ಅಂತ ವಿಚಾರಿಸುತ್ತಾಳೆಯೇ ಹೊರತು ‘ಅಣ್ಣ ಹೇಗಿದಾನೆ’ ಅಂತ ಕೇಳಿದ್ದು ನನಗೆ ನೆನಪಿಲ್ಲ. ನನ್ನ ಮಾಸ್ಕಿನ ಬಗ್ಗೆ ಒಂದು ಮಾತೂ ಆಡದ ನೆಂಟರು ಅಂದರೆ ಅವಳೊಬ್ಬಳೇ. ತನ್ನ ವಸ್ತುವಿಗೆ ನಾನು ಕಾವಲಿದ್ದೇನೆ ಅಂತ ಅವಳ ಲೆಕ್ಕ.

ಹೋದ ವಾರ ಅವಳ ಫೋನ್ ಬಂತು. ಮಗಳ ಮದುವೆ ಗೊತ್ತಾಗಿದೆ, ಛತ್ರ ಬುಕ್ ಆಗಿದೆ.

‘ಅತ್ತಿಗೆ, ನೀವು ಬರೋದು ಬಿಡೋದು ನಿಮ್ಮಿಷ್ಟ. ನನ್ನ ಕಿಡ್ನಿ ಮಾತ್ರ ನನ್ನ ಮಗಳ ಧಾರೆಗೆ ಬರಲೇಬೇಕು.’

ಇದಕ್ಕೆ ಧೂಳು ಅಲರ್ಜಿ ಅಂತ ಹೇಳಲಾಗುತ್ತದೆಯೇ? ಛತ್ರದ ಮ್ಯಾನೇಜರ್ ನಂಬರ್ ತೆಗೆದುಕೊಂಡು ನಾನೇ ಫೋನ್ ಮಾಡಿದೆ.

‘ಹಾಲಿಗೆ ಕಿಟಕಿ ಇದೆಯೇನ್ರೀ?’

‘ಎಂಟು ಕಿಟಕಿ ಇದೆ ಮೇಡಂ. ಆದ್ರೆ ಡೆಕೋರೇಷನ್‌ನೋರು ಪರದೆ ಹಾಕಿ ಮುಚ್ಚಿಬಿಡ್ತಾರೆ.’

‘ಪರದೆ ಬೇಡ ಅಂದ್ರೆ?’

‘ಫೋಟೋದಲ್ಲಿ ಹಿಂದುಗಡೆ ತೆಂಗಿನಮರ ಕಾಣುತ್ತೆ ಮೇಡಂ.’

‘ಕಾಣಲಿ ಬಿಡಿ. ಎಸಿ?’

‘ಎಸಿ ಕೆಟ್ಟಿದೆ ಮೇಡಂ, ಮುಹೂರ್ತದ ಹೊತ್ತಿಗೆ ಖಂಡಿತ ರಿಪೇರಿ ಮಾಡಿಸ್ತೀವಿ.’

‘ದಯವಿಟ್ಟು ಮಾಡಿಸ್ಬೇಡಿ’ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಛತ್ರ ನಡೆಸುವ ವೃತ್ತಿಯಲ್ಲಿ ಇಂಥ ಗಿರಾಕಿ ಅವರಿಗೆ ಸಿಕ್ಕಿರಲಿಕ್ಕಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ‘ಮೇಡಂ, ತಾವು ಹುಡುಗಿ ಕಡೆಯೋರೋ, ಹುಡುಗನ ಕಡೆಯೋರೋ?’ ಅಂದರು.

‘ಕಿಡ್ನಿ ಕಡೆಯೋರು’ ಅಂದೆ.